ಕೊಕ್ಕೆಯ ಹೆಸರು

ಪಾಲಹಳ್ಳಿಯ ಹಾಲಿನ ಡೇರಿಯಲ್ಲಿ
ಬೆಳಿಗ್ಗೆ ಐದೂಮುಕ್ಕಾಲಿಗೆ ಎಲ್ಲ ನಿಂತುಹೋಯಿತು.
ಸಾಲಿನಲ್ಲಿ ಹದಿನೇಳನೆಯವರು ರೆಜಿನಮ್ಮ,
ಆಧಾರಿನಂತೆ ತಿದ್ದಿದ ಹೊಸ ಪಾಸ್‌ಬುಕ್ಕಿನಲ್ಲಿ
ರೆಜಿನಾ ಡಿ’ಕ್ರೂಸ್.
ಡಿ ಆದಮೇಲೆ ಮೇಲೊಂದು ಕೊಕ್ಕೆ,
ರಾಗಿ ಕಾಳಿನಷ್ಟೂ ಇಲ್ಲ,
ಸಿಕ್ಕಿಕೊಂಡಿತು ನನ್ನ ಸ್ಕ್ರಿಪ್ಟಿನ ಗಂಟಲಲ್ಲಿ.
ಪರದೆ ತುಂಬ ಕೆಂಪು.
ಹಿಂದೆ ಮೂವತ್ತು ಜನ, ಮೂವತ್ತು ಕ್ಯಾನು,
ಮಂಡ್ಯದ ಟ್ಯಾಂಕರಿನವನು ಆಗಲೇ ಹಾರನ್ ಹೊಡೆಯುತ್ತಿದ್ದ.

“ಆ ಕೊಕ್ಕೆ ತೆಗ್ದಾಕ್ಬುಡಿ ಅತ್ಲಾಗೆ” ಅಂದ ಟೆಸ್ಟರ್ ನಂಜುಂಡಿ.
“ನಮ್ಮಪ್ಪನ ಹೆಸ್ರು ಕಣಪ್ಪ ಅದು.
ನಿಮ್ ಮಿಸನ್ನಿಗೆ ಹಲ್ಲಿಲ್ವಾ? ಅಗಿಯಕ್ಕೇಳು.”

ತಪ್ಪು ನನ್ನದೇ.
ಎರಡು ವರ್ಷದಿಂದ ಆಜ್ಞೆಯ ಹಿಟ್ಟಿಗೆ
ಬಂದವರ ಹೆಸರನ್ನೂ ಸುರಿದು
ಒಂದೇ ಮುದ್ದೆ ಕಟ್ಟಿ ಕಳಿಸುತ್ತಿದ್ದೆ.
ಯಾವುದು ನನ್ನ ಮಾತು, ಯಾವುದು ಅವರದು,
ಸರ್ವರಿಗೆ ಹೇಗೆ ಗೊತ್ತಾಗಬೇಕು?
ಯಾವನಾದರೂ ಪುಂಡ ಹೆಸರಿನ ಜಾಗದಲ್ಲಿ
‘ಎಲ್ಲರ ಲೆಕ್ಕ ಅಳಿಸು’ ಎಂದು ಬರೆದಿದ್ದರೆ
ಅಳಿಸಿ, ಆಯ್ತು ಅಂದುಬಿಡುತ್ತಿತ್ತು.

ಅವತ್ತು ಚೀಟಿಯೆಲ್ಲ ಕೈಯಲ್ಲೇ ಬರೆದುಕೊಟ್ಟೆ.
ಮಧ್ಯಾಹ್ನ ಕೂತೆ. ಕರೆಂಟಿಲ್ಲ, ಯುಪಿಎಸ್ಸಿನ ಕುಂಯ್ ಒಂದೇ.
ದರ ಕಟ್ಟುವ ಪ್ರೊಸೀಜರು ಇರುವುದು ಮಂಡ್ಯದ ಸರ್ವರಿನೊಳಗೆ.
ಬರೆದಿಟ್ಟ ಬೋರಲಿಂಗಯ್ಯನವರು ನಿವೃತ್ತರಾಗಿ
ಬನ್ನೂರಿನಲ್ಲಿ ಜೇನು ಸಾಕುತ್ತಾರಂತೆ.
ಒಳಗೆ ಏನಿದೆಯೋ, ನೋಡುವ ಹಕ್ಕು ನನಗಿಲ್ಲ.
ಬಾಗಿಲು ಮಾತ್ರ ಗೊತ್ತು:
ಹೆಸರು, ಲೀಟರು, ಫ್ಯಾಟು ಒಳಕ್ಕೆ, ರೂಪಾಯಿ ಹೊರಕ್ಕೆ.
ಅವರು ಬಿಟ್ಟುಹೋದ ಹಾಳೆಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ:
ಫ್ಯಾಟು ಮೂರಕ್ಕಿಂತ ಇಳಿದರೆ ಬೈಯಬೇಡಿ,
ಮೇವು ಏನು ಹಾಕ್ತೀರಿ ಕೇಳಿ.

ಕರೆಯುವ ಸಾಲಿನಲ್ಲಿ ಈಗ ಹೆಸರಿಲ್ಲ, ಅಂಕಿಯಿಲ್ಲ,
ಬರೀ ಪ್ರಶ್ನಾರ್ಥಕಗಳು,
ಕೊಟ್ಟಿಗೆಯಲ್ಲಿ ಸಾಲಾಗಿ ಹೊಡೆದ ಗೂಟದ ಹಾಗೆ.
ಆಜ್ಞೆ ಮೊದಲು ಹೋಗುತ್ತದೆ, ಒಂಟಿಯಾಗಿ.
ಸರ್ವರು ಓದಿ, ತಿಳಿದು, ಹೂಂ ಅಂದಮೇಲೆ
ಒಂದೊಂದೇ ಹಿಡಿದು ತಂದು ಕಟ್ಟುತ್ತೇನೆ.
ಹೆಸರಿನ ಗೂಟಕ್ಕೆ ಹೆಸರು, ಲೀಟರಿನದಕ್ಕೆ ಲೀಟರು.
ಕಟ್ಟಿದಮೇಲೆ ಹೆಸರು ಹೆಸರೇ.
ಕೊಂಬಿರಲಿ, ಕೊಕ್ಕೆಯಿರಲಿ,
ಹಾಯುವುದಿಲ್ಲ.

ಕೊನೆಯ ಗೂಟದ ಬಳಿ ತಡವರಿಸಿದೆ.
ರೂಪಾಯಿ ಬರಬೇಕಾದ ಜಾಗ ಅದು;
ಅಲ್ಲಿ ಕಟ್ಟಲು ನನ್ನ ಹತ್ತಿರ ಏನಿದೆ?
ಮೂರು ಸಲ ಬರಿಗೈಲಿ ವಾಪಸು.
ಆಮೇಲೆ ಅಜ್ಜಿಯ ದನಿ, ನಡುಮನೆಯಿಂದ:
ಹೆಪ್ಪು ತತ್ತೀನಿ ಅಂತ ಹಂಗೇ ಓಡ್ತೀಯಲ್ಲೆ,
ಸೆರಗಿಗೆ ಹಾಕಿಸ್ಕೊಂಡು ಬತ್ತೀಯಾ? ಲೋಟ ತಗೊಂಡೋಗು.
ಖಾಲಿ ಲೋಟವೊಂದನ್ನು, ಎಷ್ಟು ಹಿಡಿಯುತ್ತದೆಂದು ಹೇಳಿ,
ಅಲ್ಲಿ ಕಟ್ಟಿದೆ.
ತುಂಬಿ ಬಂತು.

ಇನ್ನೊಂದು ತಿದ್ದುವುದಿತ್ತು.
ಮಂಗಳವಾರ ರೆಜಿನಮ್ಮ ಬಂದೇ ಇರಲಿಲ್ಲ,
ನನ್ನ ಹಳೇ ಸ್ಕ್ರಿಪ್ಟು ಸೊನ್ನೆ ಲೀಟರು ಅಂತ ಬರೆದಿತ್ತು.
ಸೊನ್ನೆ ಅಂದರೆ ತಂದ ಹಾಲು ಒಡೆದು, ಮೋರಿಗೆ ಚೆಲ್ಲಿ,
ಖಾಲಿ ಕ್ಯಾನು ಹೊತ್ತು ನಡೆದದ್ದು.
ಬಾರದೇ ಇದ್ದದ್ದು ಸೊನ್ನೆಯಲ್ಲ.
ಆ ಗೂಟಕ್ಕೆ ‘ಇಲ್ಲ’ ಅನ್ನುವುದನ್ನೇ ಕಟ್ಟಿದೆ.

ಮಾರನೆ ಬೆಳಿಗ್ಗೆ ಪ್ರಿಂಟರು ಕರಕರ ಅಂದಿತು.
ಆರು ಪಾಯಿಂಟ್ ನಾಲ್ಕು ಲೀಟರು, ಫ್ಯಾಟು ನಾಲ್ಕು ಪಾಯಿಂಟ್ ಒಂದು.
ರೆಜಿನಮ್ಮ ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು,
ದುಡ್ಡು ನೋಡದೆ, ಉಗುರಿನ ತುದಿಯಲ್ಲಿ
ಅಪ್ಪನ ಕೊಕ್ಕೆ ಮುಟ್ಟಿ ನೋಡಿ,
“ಐತೆ” ಅಂದರು.

ಆಮೇಲೆ ಸ್ಟೀಲಿನ ಡಬ್ಬಿಯೊಂದನ್ನು ಕೀಬೋರ್ಡಿನ ಪಕ್ಕಕ್ಕಿಟ್ಟು:
“ಗಿಣ್ಣು. ಮಂಗ್ಳಾರ ಇನ್ನೊಂದು ಹಸ ಕರ ಹಾಕ್ತು,
ಅದ್ಕೇ ಬರ್ನಿಲ್ಲ. ಇದ್ಕೆ ಲೆಕ್ಕ ಬರಿಬ್ಯಾಡ ಕಣವ್ವ.”

ತಿಂದು, ತೊಳೆದು, ಒರೆಸಿ ಇಟ್ಟಿದ್ದೇನೆ.
ಡಬ್ಬಿ ಖಾಲಿ ಕೊಡಬಾರದು.
ಏನು ಹಾಕಿ ಕೊಡಲಿ ಅಂತ
ಇವತ್ತಿಗೆ ಮೂರು ದಿನ.